ಒಂದು ಉಸಿರಿನಷ್ಟು ಕರೆನ್ಸಿ

ಹಜ್ ಯಾತ್ರೆಗೆ ಹೊರಡುವವರು ನಮ್ಮ ಕಡೆ ಪ್ರತಿ ಮನೆಯ ಅಂಗಳದಲ್ಲೂ ನಿಂತು ಕ್ಷಮೆ ಕೇಳಿಯೇ ಹೊರಡುವುದು. ದೇವರಿಗೂ ನಮಗೂ ನಡುವೆ ಆದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರ ನಡುವೆ ಆದದ್ದನ್ನು ಮನುಷ್ಯರೇ ಮನ್ನಿಸಬೇಕು, ಅದಕ್ಕೆ ಅವನು ಕೈ ಹಾಕುವುದಿಲ್ಲ ಎಂದು ನಮ್ಮ ಶೇಖ್ ಲುಬೋವಾ ಪ್ರತಿ ವರ್ಷವೂ ಹೇಳುತ್ತಾರೆ.

ಆ ವರ್ಷ ನಮ್ಮ ನಕಸೇನ್ಯಿಯಿಂದ ಹೊರಟವಳು ಜೈತೂನಿ. ಮಸಾಕಾ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟು ಬಾಳಿದವಳು, ಗಂಡ ಇಲ್ಲ, ಹುಟ್ಟಿದ್ದು ನಮ್ಮೂರಲ್ಲಿ. ಹೊರಡುವ ಮುಂಚಿನ ವಾರ ಬಂದು ಮನೆಮನೆ ಸುತ್ತಿದಳು. ನನ್ನ ಅಂಗಳಕ್ಕೂ ಬಂದು ಮಂಡಿಯೂರಿದಳು.

"ಬದ್ರೂನವ್ವ, ಗೊತ್ತಿದ್ದೋ ಗೊತ್ತಿಲ್ದೆಯೋ ನೋಯಿಸಿದ್ರೆ ಮನ್ನಿಸಿಬಿಡು."

"ಒಂದೇ ಸಲ ತೊಳೆದಿದ್ದಕ್ಕೆ ಬಣ್ಣ ಬಿಟ್ಟ ಆ ಹಸಿರು ಬಟ್ಟೆ ಕೊಟ್ಟಿದ್ಯಲ್ಲ, ಅದನ್ನೂ ಸೇರಿಸೇ ಮನ್ನಿಸ್ತೀನಿ," ಎಂದೆ. ಇಬ್ಬರೂ ನಕ್ಕೆವು.

ಅಲ್ಲಿಂದ ಅವಳು ನನ್ನ ಮನೆಯ ಮೇಲಿನ ದಿಬ್ಬಕ್ಕೆ ಹತ್ತಿದಳು. ಅಲ್ಲಿರುವುದು ಅವಳ ಒಡಹುಟ್ಟಿದ ಅಕ್ಕ ಮಸ್ತೂಲಾ. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಊರೆಲ್ಲ ಅವಳನ್ನು ಕರೆಯುವುದು ನಾಲೊಂಗೊ ಎಂದು, ಆ ಹೆಸರಿಗೆ ಸಿಗಬೇಕಾದ ಮರ್ಯಾದೆಯನ್ನು ಒಂದು ಚೂರೂ ಬಿಡದೆ ಪಡೆಯುವವಳು ಅವಳು. ನಾನು ಬಾಳೆಯ ಮರೆಯಿಂದ ನೋಡುತ್ತಿದ್ದೆ. ಬಾಗಿಲು ಹಾಕಿತ್ತು. ಹಿತ್ತಿಲ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ಜೈತೂನಿ ಹಾಕಿದ ಬಾಗಿಲ ಎದುರು ಮಂಡಿಯೂರಿ, ಮನುಷ್ಯರಿಗೆ ಹೇಳುವ ಕುಶಲದ ಮಾತುಗಳನ್ನೆಲ್ಲ ಆ ಹಲಗೆಗೆ ಹೇಳಿದಳು. ಕಾದಳು. ಹೊಗೆ ಏಳುತ್ತಲೇ ಇತ್ತು. ಎದ್ದು ಮಂಡಿಯ ಕೆಂಪು ಮಣ್ಣನ್ನು ಒದರಿಕೊಳ್ಳದೆ ಇಳಿದು ಹೋದಳು.

ಅಕ್ಕತಂಗಿಯರ ಮಾತು ನಿಂತದ್ದು ಅವರ ತಾಯಿ ತೀರಿಕೊಂಡ ದಿನ. ತಾಯಿ ಇದ್ದದ್ದು ಜೈತೂನಿಯ ಮನೆಯಲ್ಲಿ. ಒಂದು ಬೆಳಿಗ್ಗೆ ಉಸಿರಾಟ ಕೆಟ್ಟಿತು. ಜೈತೂನಿ ಅಕ್ಕನ ಫೋನಿಗೆ ಮಿಸ್ ಕಾಲ್ ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೊಟ್ಟಳು.

ನಮ್ಮಲ್ಲಿ ಮಿಸ್ ಕಾಲಿಗೂ ಒಂದು ನಡತೆ ಇದೆ. ಇಲ್ಲದವರು ಇದ್ದವರಿಗೆ ಕೊಡಬೇಕು, ಇದ್ದವರು ವಾಪಸ್ ಮಾಡಬೇಕು. ಅಳಿಯನಾಗುವವನು ಹುಡುಗಿಗೆ ಮಿಸ್ ಕಾಲ್ ಕೊಟ್ಟರೆ ಆ ಮದುವೆ ಮುರಿದಂತೆಯೇ. ಅಂಗಡಿಯವಳಾದ ಜೈತೂನಿ ಊರಿಗೆಲ್ಲ ಮಿಸ್ ಕಾಲ್ ಕೊಡುತ್ತಿದ್ದಳು. ಅದು ಅವಳ ಬೆರಳಿಗೆ ಹತ್ತಿದ ಚಾಳಿ, ಜನ ನಗುತ್ತಿದ್ದರು. ಆ ದಿನ ಕಾಫಿ ತೋಟದಲ್ಲಿದ್ದ ಮಸ್ತೂಲಾ ಫೋನು ನೋಡಿ, "ಪೇಟೆಯ ಶ್ರೀಮಂತಳು ಬಡವೀಗೆ ಮಿಸ್ ಕಾಲ್ ಕೊಡ್ತಾಳೆ, ಬೇಕಿದ್ರೆ ಅವಳೇ ಮಾಡ್ಲಿ," ಎಂದು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ನಮ್ಮಲ್ಲಿ ಸತ್ತವರನ್ನು ಕಾಯಿಸುವುದಿಲ್ಲ. ಅವಳು ಮಸಾಕಾ ತಲುಪಿದಾಗ ಗುಂಡಿಯ ಮೇಲೆ ಮಣ್ಣು ಎಳೆದಾಗಿತ್ತು.

"ಅಮ್ಮ ಸಾಯೋವಾಗ ನನಗೆ ಮಿಸ್ ಕಾಲ್ ಕೊಟ್ಟವಳು," ಎನ್ನುವುದಷ್ಟೇ ಆಮೇಲೆ ಮಸ್ತೂಲಾಳ ಬಾಯಲ್ಲಿ ತಂಗಿಯ ಹೆಸರಾಯಿತು.

ಯಾತ್ರೆಗೆ ಜೊತೆಯಾಗಿ ಹೋಗುವ ಶೇಖ್ ಲುಬೋವಾ ಸುತ್ತಲಿನ ಊರುಗಳ ಯಾತ್ರೆಯವರನ್ನೆಲ್ಲ ಮಸೀದಿಯ ಜಗಲಿಯಲ್ಲಿ ಕೂರಿಸಿ ಪಾಠ ಹೇಳಿದ ದಿನ ನಾನೂ ಹೋಗಿದ್ದೆ. ಕಾಬಾದ ಸುತ್ತ ಹೇಗೆ ನಡೆಯಬೇಕು, ಬಿಳಿ ಬಟ್ಟೆ ಹೇಗೆ ಉಡಬೇಕು, ಎಲ್ಲ ಹೇಳಿದರು. ಆಮೇಲೆ ಅಷ್ಟೇ ಶ್ರದ್ಧೆಯಿಂದ ಫೋನಿನ ಪಾಠ.

"ಊರಿನ ಸಿಮ್ಮನ್ನ ವಿಮಾನ ಹತ್ತೋಕೆ ಮುಂಚೆ ತೆಗೆದು ಗಂಟು ಕಟ್ಕೊಳ್ಳಿ. ಅದನ್ನ ಅಲ್ಲಿ ಹಾಕ್ಕೊಂಡ್ರೆ, ಬಂದ ಕರೆ ಎತ್ತಿದ್ರೂ ನಿಮ್ಮ ದುಡ್ಡೇ ಕಡಿಯುತ್ತೆ. ಅಲ್ಲಿಯ ಸಿಮ್ ನಾನು ಕೊಡಿಸ್ತೀನಿ. ಅದರಲ್ಲಿ ಬಂದ ಕರೆ ಪುಕ್ಕಟೆ, ನೀವು ಮಾಡಿದ್ದಕ್ಕೆ ಮಾತ್ರ ಖರ್ಚು. ಆ ಖರ್ಚು ಎಂಥದ್ದು ಅಂದ್ರೆ, ಇಲ್ಲಿ ಕೋಳಿ ಕೊಂಡುಕೊಳ್ಳೋ ದುಡ್ಡಲ್ಲಿ ಅಲ್ಲಿಂದ ಕೋಳಿ ಕೂಗಿದಷ್ಟು ಹೊತ್ತು ಮಾತಾಡಬಹುದು. ಬಿಡಾರದಲ್ಲಿ ವೈಫೈ ಇರುತ್ತೆ, ನಿಮ್ಮ ದನಿ ಹಿಡಿದು ಕಳಿಸಿ, ಅದಕ್ಕೆ ಖರ್ಚಿಲ್ಲ. ದಿನಾ ಮನೆಗೊಂದು ಮಿಸ್ ಕಾಲ್ ಕೊಡಿ, ಚೆನ್ನಾಗಿದೀವಿ ಅಂತ ಅರ್ಥ. ಮನೆಯವರೂ ವಾಪಸ್ ಒಂದು ಕೊಡ್ಲಿ. ಯಾರೂ ಎತ್ತಬೇಡಿ. ಎತ್ತಿದವರ ಪಾಪ ಎತ್ತಿದವರಿಗೆ."

ಜಗಲಿಯೆಲ್ಲ ನಕ್ಕಿತು. ಒಬ್ಬ ಮುದುಕ ಕೈಯೆತ್ತಿದ. "ಬಿಡಾರ ಬಿಟ್ಟು ಮಿನಾದ ಡೇರೆಗೆ ಹೋದ್ಮೇಲೆ, ಶೇಖ್?"

"ಅಲ್ಲಿ ವೈಫೈ ಇಲ್ಲ, ಮುದುಕಪ್ಪ. ಕರೆನ್ಸಿ ಅಂಗಡಿ ಹುಡುಕ್ಕೊಂಡು ಹೋದ್ರೆ ಆ ಜನದಲ್ಲಿ ನೀವೇ ಸಿಗಲ್ಲ. ಅಲ್ಲಿ ದೇವರ ಜೊತೆ ಮಾತಾಡಿ. ಅವನಿಗೆ ಸಿಮ್ ಬೇಡ."

ಜೈತೂನಿ ಈ ಪಾಠವನ್ನೆಲ್ಲ ತಲೆಯಾಡಿಸುತ್ತ ಕೇಳಿದಳು. ದುಡ್ಡು ಉಳಿಸುವ ವಿಷಯದಲ್ಲಿ ಅವಳಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಅವರೆಲ್ಲ ಹೋಗಿ ಸ್ವಲ್ಪ ದಿನಕ್ಕೆ ನನ್ನ ಫೋನಿಗೆ ಅವಳ ದನಿ ಬಂತು. ಮಗ ಬದ್ರು ಕಂಪಾಲಾದಿಂದ ತಂದುಕೊಟ್ಟ ದೊಡ್ಡ ಗಾಜಿನ ಫೋನು ನನ್ನದು. ಮಸ್ತೂಲಾಳದು ಹಳೆಯ ಬಟನ್ ಫೋನು, ಅದಕ್ಕೆ ಕರೆ ಬಿಟ್ಟರೆ ಬೇರೇನೂ ತಿಳಿಯದು. ನಾನು ಫೋನು ಹಿಡಿದು ದಿಬ್ಬ ಹತ್ತಿದೆ. ಅವಳು ಅಂಗಳದಲ್ಲಿ ಚಾಪೆಯ ಮೇಲೆ ಕಾಫಿ ಹಣ್ಣು ಹರವಿ ಕಾಲಿನಿಂದ ತಿರುವಿಹಾಕುತ್ತಿದ್ದಳು. ಕುಶಲದ ಮಾತು ಮುಗಿದ ಮೇಲೆ ನಾನು ಫೋನಿನ ಗುಂಡಿ ಒತ್ತಿದೆ.

"ಅಕ್ಕಾ, ನಾನು ಜೈತೂನಿ," ಎಂದಿತು ಫೋನು. ಹಿಂದೆಲ್ಲೋ ಬಾಂಗಿನ ದನಿ. "ಮೆಕ್ಕಾದಿಂದ ಮಾತಾಡ್ತಿದೀನಿ. ಅವತ್ತು ನಾನು ಕರೆನೇ ಮಾಡ್ಬೇಕಿತ್ತು. ಮಾಡ್ಲಿಲ್ಲ. ನೀವು ಮನ್ನಿಸ್ದೆ ನಾನು ಅರಫಾ ಬಯಲಲ್ಲಿ ಹೇಗೆ ನಿಲ್ಲೋದು? ಒಂದು ಮಾತು ಹೇಳಿ ಕಳ್ಸಿ, ಅಕ್ಕಾ."

ಮಸ್ತೂಲಾಳ ಕಾಲು ಕಾಫಿಯ ಮೇಲೆ ನಿಂತಿತು.

"ಇದಕ್ಕೆ ಎಷ್ಟಾಯ್ತಂತೆ ಅವಳಿಗೆ?" ಎಂದು ಕೇಳಿದಳು.

"ಏನು ಎಷ್ಟಾಯ್ತು?"

"ಇದನ್ನ ಕಳ್ಸೋಕೆ."

ಸುಳ್ಳು ಹೇಳಬೇಕೆನಿಸಿತು. ಹೇಳಲು ಆಗಲಿಲ್ಲ. "ಇದಕ್ಕೆ ಖರ್ಚಿಲ್ಲ, ನಾಲೊಂಗೊ. ಬಿಡಾರದ ವೈಫೈ."

"ನೋಡಿದ್ಯಾ!" ಅವಳು ಚಪ್ಪಾಳೆ ತಟ್ಟಿ ನಕ್ಕಳು. ಆ ನಗು ಕೇಳಿ ಅಂಗಳದ ಕೋಳಿಗಳು ಓಡಿದವು. "ಅಮ್ಮ ಸಾಯೋವಾಗ ಮಿಸ್ ಕಾಲು. ಈಗ ಪುಕ್ಕಟೆ ಕ್ಷಮೆ. ನನ್ನ ಮೇಲೆ ಒಂದು ಶಿಲ್ಲಿಂಗೂ ಉದುರಬಾರದು ಅಂತ ಹುಟ್ಟಿದಾಗಲೇ ಹರಕೆ ಹೊತ್ತಿದಾಳೆ. ಅದೇನು ಮಾತಾ, ಬದ್ರೂನವ್ವ? ಅದು ರೇಡಿಯೋ. ರೇಡಿಯೋಗೆ ಯಾರಾದ್ರೂ ಉತ್ತರ ಕೊಡ್ತಾರಾ?"

"ದೇವರ ಮನೆಯಿಂದ ಕೇಳ್ತಿದಾಳೆ..."

"ದೇವರ ಮನೆಯಲ್ಲೂ ಪುಕ್ಕಟೆ ಏನಿದೆ ಅಂತ ಹುಡುಕ್ತಿದಾಳೆ."

ಮನೆಗೆ ಬಂದು ನಾನೂ ದನಿ ಹಿಡಿದು ಕಳಿಸಿದೆ. "ಜೈತೂನಿ, ಹೀಗೆ ಆಗೋದಲ್ಲ ಇದು. ಅವಳ ಫೋನಿಗೆ ಕರೆ ಮಾಡು. ದುಡ್ಡು ಹೋಗೋ ಕರೆ."

ಸಂಜೆ ಉತ್ತರ ಬಂತು. ಶೇಖ್ ಹಾಕಿಸಿಕೊಟ್ಟ ಕರೆನ್ಸಿಯನ್ನು ಅವಳು ಮುಟ್ಟಿಯೇ ಇರಲಿಲ್ಲವಂತೆ, ಅಕ್ಕನಿಗೆಂದೇ ಇಟ್ಟಿದ್ದಳಂತೆ. ಆ ದಿನದಿಂದ ದಿಬ್ಬದ ಮೇಲಿನ ಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಿಗ್ನಲ್ ಸಿಗಲೆಂದು ಮಸ್ತೂಲಾ ಅದನ್ನು ಕಿಟಕಿಯ ಮೊಳೆಗೆ ಚೀಲದಲ್ಲಿ ನೇತುಹಾಕಿದ್ದಳು. ಉದ್ದನೆಯ, ಪರದೇಶದ ಸಂಖ್ಯೆ. ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತಿತ್ತು. ಇವಳು ಎತ್ತಲಿಲ್ಲ. ನಮಾಜಿನ ಚಾಪೆಯ ಮೇಲಿದ್ದರೂ ಕಿವಿ ಮಾತ್ರ ಕಿಟಕಿಯ ಕಡೆಗೇ ಇರುತ್ತಿತ್ತೆಂದು ನನಗೆ ಗೊತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗಿದೆ?

ಹಜ್ಜಿನ ಮುಖ್ಯ ದಿನವಾದ ಅರಫಾದ ಹಿಂದಿನ ದಿನ ನಾನು ಸುಮ್ಮನೆ ಹೋಗಿ ಅವಳ ಕಿಟಕಿಯ ಕೆಳಗೆ ಕೂತೆ. ಅವಳು ಮತೋಕೆ ಬೇಯಿಸಲು ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು. ನಾನೂ ಒಂದು ಚಾಕು ತೆಗೆದುಕೊಂಡೆ.

"ಇವತ್ತು ಎಲ್ಲರೂ ಮಿನಾದಲ್ಲಿರ್ತಾರೆ," ಎಂದೆ.

"ಇರ್ಲಿ."

"ನಾಳೆ ಬಯಲು. ಸೂರ್ಯ ಇಳಿಯೋ ತನಕ ನಿಂತು, ಊರಿನ ಒಬ್ಬೊಬ್ಬರ ಹೆಸರೂ ತಗೊಂಡು ಬೇಡ್ಕೋತಾಳೆ. ನನ್ನ ಮಂಡಿನೋವಿಗೂ ಬೇಡ್ತೀನಿ ಅಂತ ಮಾತು ಕೊಟ್ಟಿದಾಳೆ. ನಿಮ್ಮ ಹೆಸರು ಬಂದಾಗ ಅವಳ ಬಾಯಲ್ಲಿ ಏನು ಬರ್ಬೇಕು, ನಾಲೊಂಗೊ?"

ಅವಳ ಚಾಕು ಕಾಯಿಯನ್ನು ಬಿಟ್ಟು ಬೆರಳಿಗೆ ತಾಗಿತು. ಬೆರಳು ಬಾಯಲ್ಲಿಟ್ಟುಕೊಂಡು ಕೂತಳು. ಆಗಲೇ ಕಿಟಕಿಯ ಚೀಲ ಬಡಿದುಕೊಳ್ಳತೊಡಗಿತು. ನಾನು ಏಳಲಿಲ್ಲ. ಅವಳೇ ಎದ್ದು, ಬಾಳೆಯ ಅಂಟು ಹತ್ತಿದ ಕೈಯಿಂದಲೇ ಫೋನು ತೆಗೆದಳು. ಅವಳಿಗೆ ಕಿವಿ ಸ್ವಲ್ಪ ಮಂದ. ಯಾರ ಜೊತೆ ಮಾತಾಡಿದರೂ ಸ್ಪೀಕರ್ ಹಾಕಿ, ಫೋನನ್ನು ರೊಟ್ಟಿಯ ಹಾಗೆ ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ.

"ಅಸ್ಸಲಾಮು ಅಲೈಕುಂ, ಅಕ್ಕಾ!" ಜೈತೂನಿಯ ದನಿ. ಸುತ್ತ ನೂರಾರು ಹೆಂಗಸರ ಗದ್ದಲ.

"ವಾಲೈಕುಂ ಸಲಾಂ. ಹಗಲು ಹೇಗೆ ಕಳೀತು, ನ್ಯಾಬೊ?"

ನ್ಯಾಬೊ ಎಂದರೆ ಅಮ್ಮಾವ್ರೇ ಎಂದ ಹಾಗೆ. ಸ್ವಂತ ತಂಗಿಯನ್ನು ಹಾಗೆ ಕರೆದರೆ ಅದು ಬಾಗಿಲು ಅರ್ಧ ತೆರೆದು, ನಡುವೆ ಕಾಲು ಅಡ್ಡ ಇಟ್ಟಂತೆ.

"ಚೆನ್ನಾಗಿ ಕಳೀತು, ಅಕ್ಕಾ. ನಿಮ್ಮ ಹಗಲು ಹೇಗೆ ಕಳೀತು?"

"ಚೆನ್ನಾಗಿ. ಮಂಡಿಯೂರಿದೀಯಾ?" ನಮ್ಮಲ್ಲಿ ಕಿರಿಯಳು ಹಿರಿಯಳ ಕುಶಲ ಕೇಳುವುದು ಮಂಡಿಯೂರಿಯೇ.

"ಊರಿದೀನಿ. ಜಾಗ ಇಲ್ಲ, ಪಕ್ಕದವಳ ಕಾಲಿನ ಮೇಲೆ ಊರಿದೀನಿ." ಹಿಂದೆ ಯಾರೋ ನೋವಿನಿಂದ ಬೈದು ಆಮೇಲೆ ನಕ್ಕರು.

"ದುಡಿದು ದಣಿದಿದೀಯ."

"ನೀವೂ ದುಡಿದು ದಣಿದಿರಿ, ಅಕ್ಕಾ."

"ಹ್ಞೂಂ."

"ಹ್ಞೂಂ."

"ಶಾಂತಿಯಾ ಅಲ್ಲಿ?"

"ಶಾಂತಿ. ಅಲ್ಲಿ ಶಾಂತಿಯಾ?"

"ಶಾಂತಿ. ಆ ನಾಡಿನ ಜನ ಹೇಗಿದಾರೆ?"

ಜನ, ಆಡು, ನೀರು ಎಲ್ಲ ವಿಚಾರಿಸದೆ ನಮ್ಮಲ್ಲಿ ವಿಷಯ ಎತ್ತುವಂತಿಲ್ಲ. ನಮ್ಮ ಕುಶಲ ನಮಗೆ ಉಸಿರು ನಿಜ. ಆದರೆ ಈ ಉಸಿರಿಗೆ ಸಮುದ್ರದಾಚೆ ಮೀಟರು ಓಡುತ್ತಿತ್ತು. ವಿಷಯಕ್ಕೆ ಬನ್ನಿ ಎಂದು ನಾನು ಕೈಸನ್ನೆ ಮಾಡಿದೆ. ಮಸ್ತೂಲಾ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು. ಆಗ ತಿಳಿಯಿತು, ಬೇಕೆಂದೇ ಎಳೆಯುತ್ತಿದ್ದಾಳೆ. ಇಷ್ಟು ವರ್ಷ ಉಳಿಸಿದ್ದನ್ನೆಲ್ಲ ಇವತ್ತು ಖರ್ಚು ಮಾಡಿಸುತ್ತಿದ್ದಾಳೆ.

"ಜನ ಒಳ್ಳೆಯವರು, ಅಕ್ಕಾ," ಎಂದಳು ಜೈತೂನಿ, ಸಾವಧಾನವಾಗಿ.

"ಅವರ ಆಡುಗಳು?"

"ಆಡುಗಳೂ ಚೆನ್ನಾಗಿವೆ. ನಮ್ಮವಕ್ಕಿಂತ ಕಿವಿ ಉದ್ದ."

"ನೀರು ಹೇಗಿದೆ? ಮತೋಕೆ ಸಿಗುತ್ತಾ?"

"ನೀರು ತಣ್ಣಗಿದೆ. ಮತೋಕೆ ಇಲ್ಲ. ಅನ್ನ, ಕೋಳಿ. ನಿಮ್ಮ ಕೈಯ ಕಡಲೆಕಾಯಿ ಸಾರು ನೆನಪಾಗುತ್ತೆ."

"ಶೇಖ್ ಹೇಗಿದಾರೆ?"

"ಚೆನ್ನಾಗಿದಾರೆ. ಚಪ್ಪಲಿ ಕಳ್ಕೊಂಡಿದಾರೆ. ನಿಮ್ಮ ಕಾಫಿ ಒಣಗ್ತಾ, ಅಕ್ಕಾ? ಅವಳಿಗಳು ಸುಖವಾಗಿದಾರಾ? ಮೇಲಿನ ಮನೆ ಮುದುಕಿಯ ಕಣ್ಣು?"

ಒಂದೊಂದಕ್ಕೂ ಮಸ್ತೂಲಾ ಉತ್ತರ ಕೊಟ್ಟಳು. ಯಾವಾಗಲೋ ಅವಳ ದನಿಯ ಕಟಕಿ ಕರಗಿ ಹೋಗಿತ್ತು. ಹುಬ್ಬು ಕುಣಿಯುವುದು ನಿಂತಿತ್ತು. ಅವಳು ಕೇಳಿದ್ದಕ್ಕಿಂತ ಹೆಚ್ಚಾಗಿ ತಂಗಿಯೇ ಕೇಳುತ್ತಿದ್ದಳು, ಒಂದನ್ನೂ ನುಂಗದೆ, ಒಂದನ್ನೂ ಓಡಿಸದೆ, ಚಿಕ್ಕಂದಿನಲ್ಲಿ ತಾಯಿ ಕಲಿಸಿದ ಹಾಗೆ.

"ಮುದುಕಿಗೆ ಈಗ ಬೆಳಕು ಮಾತ್ರ ಕಾಣುತ್ತೆ," ಎಂದಳು ಮಸ್ತೂಲಾ.

"ಅವರಿಗೂ ಬೇಡ್ಕೋತೀನಿ. ಅಕ್ಕಾ, ಈಗ ನಾನು ನಿಮ್ಮನ್ನ..."

ಫೋನು ಸತ್ತಿತು. ಒಂದು ಸಣ್ಣ ಟಿಕ್, ಆಮೇಲೆ ಏನೂ ಇಲ್ಲ.

ಅಂಗೈ ಮೇಲಿನ ಫೋನನ್ನು ನೋಡುತ್ತ ಮಸ್ತೂಲಾ ನಿಂತಿದ್ದಳು. ಒಲೆಯ ಮೇಲಿನ ನೀರು ಕುದಿದು ಉಕ್ಕಿತು. ಯಾರೂ ಹೋಗಲಿಲ್ಲ.

"ಅವಸರ ಮಾಡ್ಲಿಲ್ಲ ಅವಳು," ಎಂದಳು ಕೊನೆಗೆ.

"ನೀವು ಮಾಡೋಕೆ ಬಿಡ್ಲಿಲ್ಲ."

"ಮಾಡ್ಬಹುದಿತ್ತು. ನನ್ನ ಮಾತು ಕತ್ತರಿಸಿ, ಅಕ್ಕಾ ಮನ್ನಿಸಿ ಅಂತ ಒಂದೇ ಸಲಕ್ಕೆ ಹೇಳಿ ಮುಗಿಸ್ಬಹುದಿತ್ತು. ಮುದುಕಿಯ ಕಣ್ಣು ಕೇಳಿದ್ಲು." ಅವಳು ಫೋನನ್ನು ಸೊಂಟದ ಬಟ್ಟೆಗೆ ಒರೆಸಿದಳು. "ನಿನ್ನ ಗಾಜಿನ ಫೋನಲ್ಲಿ ಕಳ್ಸು, ಬದ್ರೂನವ್ವ. ನಾನು ಮಾತಾಡ್ತೀನಿ, ನೀನು ಹಿಡಿ."

ಹಿಡಿದು ಕಳಿಸಲು ಹೋದೆ. ಹೋಗಲಿಲ್ಲ. ಡೇರೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ಬಿಡಾರಕ್ಕೆ ಮರಳಿದ ಮೇಲಷ್ಟೇ ಅದು ಅವಳನ್ನು ಮುಟ್ಟುವುದು, ಅಷ್ಟರೊಳಗೆ ಅರಫಾ ಕಳೆದಿರುತ್ತದೆ. ಅವಳ ಕರೆನ್ಸಿ ಮುಗಿದಿದೆ, ಅಲ್ಲಿ ಕೊಳ್ಳುವ ದಾರಿಯಿಲ್ಲ. ಎಲ್ಲ ಹೇಳಿದೆ. ಉಳಿದದ್ದು ಒಂದೇ: ಇಲ್ಲಿಂದ ನಾವೇ ಅಲ್ಲಿಗೆ ಕರೆ ಮಾಡುವುದು.

ಮಸ್ತೂಲಾ ಒಳಗೆ ಹೋದಳು. ಈದಿನ ಪಿಲಾವಿಗೆ ಅಕ್ಕಿ, ಮಸಾಲೆ ತರಲೆಂದು ಎತ್ತಿಟ್ಟಿದ್ದ ದುಡ್ಡನ್ನು ಮಡಕೆಯಿಂದ ತೆಗೆದು ಕಟ್ಟಿಕೊಂಡು ಬಂದಳು. ಇಬ್ಬರೂ ದಿಬ್ಬ ಇಳಿದು ರಸ್ತೆಬದಿಯ ಅಂಗಡಿಸಾಲಿಗೆ ನಡೆದೆವು. ಕರೆನ್ಸಿ ಹಾಕುವವನು ಕಯೊಂಗೊ. ಹಳದಿ ಕೊಡೆಯ ಕೆಳಗೆ ಕೂತು ಕಡಲೆಕಾಯಿ ಬಿಡಿಸುತ್ತಿರುತ್ತಾನೆ, ಕ್ರೈಸ್ತ, ನಾಲಿಗೆ ಮಾತ್ರ ಯಾವ ಧರ್ಮದ್ದೂ ಅಲ್ಲ.

"ಮೆಕ್ಕಾಕ್ಕಾ!" ಎಂದ ಅವನು, ಕುಶಲವೆಲ್ಲ ಮುಗಿದು ವಿಷಯ ತಿಳಿದ ಮೇಲೆ. ದುಡ್ಡನ್ನು ತಿರುಗಿಸಿ ನೋಡಿದ. "ನಾಲೊಂಗೊ, ಬೇಜಾರು ಮಾಡ್ಕೋಬೇಡಿ. ಇದು ಒಂದು ಉಸಿರಿನಷ್ಟು ಆಗುತ್ತೆ. ಉದ್ದ ಉಸಿರಿನವರಾದ್ರೆ ಒಂದೂವರೆ. ನೀವು ಕುಶಲ ಶುರು ಮಾಡಿ ಅವರ ಆಡಿನ ಹತ್ರ ಬರೋದ್ರೊಳಗೆ ಟಿಕ್ ಅನ್ನುತ್ತೆ."

"ಆಡು ಕೇಳಿ ಆಗಿದೆ," ಎಂದಳು ಮಸ್ತೂಲಾ.

"ಹಾಗಾದ್ರೆ ಕುಶಲ ಬಿಟ್ಟು ನೇರ ವಿಷಯ ಹೇಳ್ಬಿಡಿ, ನಾಲೊಂಗೊ," ಎಂದೆ ನಾನು.

ಅವಳು ನನ್ನನ್ನು ನೋಡಿದ ನೋಟ! "ಕುಶಲ ಕೇಳ್ದೆ? ಸಾವಿನ ಸುದ್ದಿ ಹೇಳೋ ಹಾಗಾ?"

ನಿಜ. ನಮ್ಮಲ್ಲಿ ಸಾವಿನ ಸುದ್ದಿ ತಂದವನೊಬ್ಬನೇ ಕುಶಲ ಕೇಳದೆ ಬಾಯಿ ತೆರೆಯುವುದು. ಅಂಗಡಿಸಾಲಿನ ಬೆಂಚಿನ ಮೇಲಿದ್ದವರೂ ತಲೆಯಾಡಿಸಿದರು. ಕಯೊಂಗೊ ಮಾತ್ರ ಸಂಖ್ಯೆ ಒತ್ತುತ್ತಲೇ ಇದ್ದ. "ಬೇಗ ಯೋಚ್ನೆ ಮಾಡಿ. ಹಾಕಿದೀನಿ. ನಿಮ್ಮ ದೇವರಿಗೆ ನಿಮ್ಮ ಅವಸರ ಅರ್ಥ ಆಗುತ್ತೆ, ನಮ್ಮವನಿಗೇ ಆಗುತ್ತೆ ಅಂದ್ಮೇಲೆ."

ಕರೆ ಹೋಯಿತು. ಒಂದು ಸಲ ಬಡಿಯಿತು, ಮತ್ತೆ ಬಡಿಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ನಮಾಜಿನಲ್ಲಿರ್ಬೇಕು," ಎಂದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಜೈತೂನಿ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಾಳೆ. ಅಕ್ಕನ ಸಂಖ್ಯೆ ಕಾಣುತ್ತಿದೆ. ಊರಿನ ಬಡ ಅಕ್ಕ ಪರದೇಶಕ್ಕೆ ದುಡ್ಡು ಕೊಟ್ಟು ಕರೆ ಮಾಡುತ್ತಾಳೆಂದು ಅವಳ ಕನಸಿನಲ್ಲೂ ಬರುವುದಿಲ್ಲ. ಮಿಸ್ ಕಾಲ್ ಕೊಡುತ್ತಿದ್ದಾಳೆ, ವಾಪಸ್ ಮಾಡು ಎನ್ನುತ್ತಿದ್ದಾಳೆ ಎಂದುಕೊಂಡಿದ್ದಾಳೆ. ವಾಪಸ್ ಮಾಡಲು ಕರೆನ್ಸಿ ಇಲ್ಲ. ಎತ್ತಬಾರದೆಂದು ಶೇಖ್ ಅವರ ಅಪ್ಪಣೆ. ಆ ಗದ್ದಲದ ಡೇರೆಯಲ್ಲಿ, ಬಡಿಯುವ ಫೋನನ್ನು ನೋಡುತ್ತ ಅಳುತ್ತಿದ್ದಾಳೋ ಏನೋ.

ಮಸ್ತೂಲಾಗೂ ಅದೇ ಹೊಳೆದಿರಬೇಕು. "ಮಿಸ್ ಕಾಲ್ ಅಲ್ಲ ಕಣೇ ಇದು," ಎಂದಳು, ಫೋನಿಗೆ. "ಎತ್ತೇ."

"ಕೊನೇ ತನಕ ಬಡಿಯೋಕೆ ಬಿಡಿ, ನಾಲೊಂಗೊ," ಎಂದ ಕಯೊಂಗೊ, ಈ ಸಲ ನಗದೆ. "ಮಿಸ್ ಕಾಲ್ ಕೊಡೋರು ಯಾರೂ ಕೊನೇ ತನಕ ಬಿಡಲ್ಲ. ಎಲ್ಲಿ ಎತ್ತಿಬಿಡ್ತಾರೋ ಅಂತ ಹೆದರಿ ಕತ್ತರಿಸ್ತಾರೆ. ಬಿಡದೆ ಬಡೀರಿ."

ಅವಳು ಬಿಡದೆ ಬಡಿದಳು. ಬೆಂಚಿನವರು ಎದ್ದು ಕೊಡೆಯ ಕೆಳಗೆ ನಿಂತರು. ಒಬ್ಬ ತನ್ನ ಮೋಟರ್‌ಬೈಕನ್ನು ಆರಿಸಿದ. ಕೊನೆಯವರೆಗೆ ಬಡಿದು ನಿಂತಿತು. ಮತ್ತೆ ಮಾಡಿದಳು. ಅರ್ಧಕ್ಕೆ ಗದ್ದಲ ಕೇಳಿತು, ನೂರಾರು ಹೆಂಗಸರ ಗದ್ದಲ.

"ಅಕ್ಕಾ?"

ಮಸ್ತೂಲಾಳ ಬಾಯಿ ತೆರೆಯಿತು. ಹಗಲು ಹೇಗೆ ಕಳೆಯಿತು ಎನ್ನುವ ಮಾತು ಅವಳ ತುಟಿಗೆ ಬಂದು ನಿಂತದ್ದನ್ನು ನಾನು ನೋಡಿದೆ. ಅದನ್ನು ಅವಳು ನುಂಗಿದಳು. ಜನ್ಮದಲ್ಲಿ ಮೊದಲ ಸಲ ನುಂಗಿದಳು.

"ಜೈತೂನಿ..."

"ಯಾರು ಹೋದ್ರು, ಅಕ್ಕಾ?" ಆ ಕಡೆಯಿಂದ ಚೀರಿದ ದನಿ. "ಯಾರು ತೀರ್ಕೊಂಡ್ರು?"

"ಯಾರೂ ಸತ್ತಿಲ್ಲ ಕಣೇ! ಸುಮ್ಮನೆ ಕೇಳು. ಅವತ್ತು ನಾನೂ ವಾಪಸ್ ಮಾಡ್ಲಿಲ್ಲ. ನೋಡಿದ್ದೆ, ಮಾಡ್ಲಿಲ್ಲ. ನಾನು ಬಿಟ್ಟೆ, ಎಲ್ಲ ಬಿಟ್ಟೆ. ನೀನೂ ನನ್ನ..."

ಟಿಕ್.

ಕಯೊಂಗೊ ಬಿಡಿಸಿಟ್ಟಿದ್ದ ಕಡಲೆಕಾಯನ್ನೆಲ್ಲ ಒಂದು ಕಾಗದಕ್ಕೆ ಸುರಿದು ಅವಳ ಕೈಗಿಟ್ಟ. ಅವಳು ಬೇಡವೆನ್ನಲಿಲ್ಲ, ತಿನ್ನಲೂ ಇಲ್ಲ.

ದಿಬ್ಬ ಹತ್ತುವಾಗ ಎಂದೂ ನನಗಿಂತ ಮುಂದೆ ನಡೆಯುವವಳು ಅವತ್ತು ಹಿಂದೆ ಉಳಿದಳು. ಕಾಫಿಯ ಗಿಡಗಳ ನಡುವೆ ನಿಂತು ನನ್ನನ್ನು ಕೂಗಿದಳು.

"ಬಿಟ್ಟೆ ಅಂದಿದ್ದು ಕೇಳ್ಸಿರುತ್ತಾ?"

"ಕೇಳ್ಸಿರುತ್ತೆ. ಅದಾದ್ಮೇಲೂ ಗದ್ದಲ ಬರ್ತಿತ್ತು."

"ನೀನೂ ನನ್ನ ಅಂದಿದ್ದು?"

ಈ ಸಲವೂ ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಿಲ್ಲ, ನಾಲೊಂಗೊ."

ಇಷ್ಟು ವರ್ಷ ಆ ಮನೆಯಲ್ಲಿ ಕ್ಷಮೆ ಬೇಕಾದವಳು ಒಬ್ಬಳೇ ಎಂದು ಊರೆಲ್ಲ ತಿಳಿದಿತ್ತು. ಕಾಫಿ ತೋಟದಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದ ನಾನೂ ಹಾಗೇ ತಿಳಿದಿದ್ದೆ. ಒಳಗೊಳಗೇ ತನ್ನ ತಪ್ಪನ್ನೂ ಹೊತ್ತು, ಮೇಲೆ ಕೋಪದ ಬಟ್ಟೆ ಹೊದಿಸಿ, ಇವಳು ಎಷ್ಟು ನಮಾಜುಗಳಲ್ಲಿ ತಲೆ ನೆಲಕ್ಕೆ ಹಚ್ಚಿದ್ದಳೋ ದೇವರೊಬ್ಬನೇ ಬಲ್ಲ.

ಮರುದಿನ ಊರಲ್ಲಿ ಉಳಿದ ನಾವೆಲ್ಲ ಉಪವಾಸ. ಅರಫಾ ಬಯಲಿಗೆ ಹೋಗಲಾಗದವರಿಗೆ ಅಷ್ಟಾದರೂ ಪಾಲು ಇರಲೆಂದು. ಹೊತ್ತು ವಾಲಿದ ಮೇಲೆ ನಾನು ದಿಬ್ಬದ ಮನೆಗೆ ಹೋದೆ. ಮಸ್ತೂಲಾ ಅಂಗಳದ ಒಂದು ಬದಿಗೆ ಕಾಫಿಯ ಚಾಪೆ ಸರಿಸಿ, ಇನ್ನೊಂದು ಚಾಪೆ ಹಾಸಿ ಕೂತಿದ್ದಳು. ನನಗೂ ಜಾಗ ಬಿಟ್ಟಳು. ಕೆಳಗೆ ಬಾಳೆತೋಟಗಳಾಚೆ ಸರೋವರದ ತುಂಡೊಂದು ಹೊಳೆಯುತ್ತಿತ್ತು. ಇಬ್ಬರೂ ಕೈ ಚಾಚಿದೆವು. ಅವಳ ತುಟಿ ಬಹಳ ಹೊತ್ತು ಆಡಿತು. ಒಂದೊಂದೇ ಹೆಸರು ಕಿವಿಗೆ ಬೀಳುತ್ತಿತ್ತು: ಅವಳಿಗಳು, ಮೇಲಿನ ಮನೆ ಮುದುಕಿ, ಚಪ್ಪಲಿ ಕಳೆದುಕೊಂಡ ಶೇಖ್, ಕಯೊಂಗೊ. ತಾಯಿಯ ಹೆಸರು ಬಂತು. ಆಮೇಲೆ ತಂಗಿಯ ಹೆಸರು ಬಂದು, ಅಲ್ಲಿಯೇ ನಿಂತು, ಮತ್ತೆ ಮತ್ತೆ ಅದೇ ಬಂತು. ಆ ಹೊತ್ತಿನಲ್ಲಿ ಆ ಬಯಲಲ್ಲಿ ಯಾರು ಯಾರ ಹೆಸರು ಹೇಳುತ್ತಿದ್ದರೋ. ಬೇಡುವವಳು ಯಾರು, ಕೊಡುವವಳು ಯಾರು ಎಂದು ವಿಂಗಡಿಸುವುದು ನನ್ನ ಕೆಲಸವಲ್ಲ ಎಂದುಕೊಂಡು ಕಣ್ಣು ಮುಚ್ಚಿದೆ.

ಸೂರ್ಯ ಇಳಿದ. ಖರ್ಜೂರ ಬಾಯಿಗಿಟ್ಟು ನೀರು ಕುಡಿದೆವು. ಮಸ್ತೂಲಾ ಚಾಪೆ ಸುತ್ತುತ್ತ, ಎಂದಿನ ಗಡಸು ದನಿಯಲ್ಲಿ ಹೇಳಿದಳು:

"ನಾಳೆ ಈದಿಗೆ ಪಿಲಾವ್ ಇಲ್ಲ. ಮತೋಕೆ ಬೇಯಿಸ್ತೀನಿ, ಕಡಲೆಕಾಯಿ ಸಾರು ಮಾಡ್ತೀನಿ. ಬರ್ತೀಯೋ, ಇಲ್ಲ ನಿಮ್ಮನೇಲಿ ಅಕ್ಕಿ ಇದೆ ಅಂತ ಸೊಕ್ಕೋ?"

"ಬರ್ತೀನಿ," ಎಂದೆ.